ಒಂದೇ ಟೆಸ್ಟ್, ಮೂರು ದಾರಿ: ಟಿವಿ, ಆ್ಯಪ್, ರೇಡಿಯೊ

ಮಗಳು ಕ್ರಿಕೆಟ್‌ನಲ್ಲಿ ಲೆಗ್ ಸ್ಪಿನ್, ಅಂದರೆ ಮಣಿಕಟ್ಟಿನಿಂದ ಚೆಂಡು ತಿರುಗಿಸುವ ಬೌಲಿಂಗ್, ಕಲಿಯುತ್ತಿದ್ದಾಳೆ. ಕಳೆದ ಟೆಸ್ಟ್ ನೋಡುವಾಗ, "ಆ ಫೀಲ್ಡರ್ ಅಲ್ಲಿಗೆ ಯಾವಾಗ ಬಂದ, ಅಪ್ಪಾ?" ಎಂದಳು. ನನಗೂ ಗೊತ್ತಿರಲಿಲ್ಲ. ಅವನು ಬ್ಯಾಟರ್‌ಗೆ ತೀರ ಹತ್ತಿರದ ಜಾಗವಾದ ಶಾರ್ಟ್ ಲೆಗ್‌ಗೆ ಬಂದು ನಿಲ್ಲುವಾಗ ನಾವಿಬ್ಬರೂ ಕಾರಿನ ಜಾಹೀರಾತು ನೋಡುತ್ತಿದ್ದೆವು. ಹಾಗಾಗಿ ಮುಂದಿನ ಟೆಸ್ಟನ್ನು ಒಂದು ದಿನ ಟಿವಿಯಲ್ಲಿ, ಒಂದು ದಿನ ಆ್ಯಪ್‌ನಲ್ಲಿ, ಒಂದು ದಿನ ರೇಡಿಯೊದಲ್ಲಿ ಅನುಸರಿಸಿದೆವು.

ಟಿವಿಯಲ್ಲಿ ಚಿತ್ರ ದೊಡ್ಡದು, ಸ್ಪಷ್ಟ. ಆದರೆ ಓವರಿನ ಕೊನೆಯ, ಆರನೇ ಎಸೆತ ಪೂರ್ತಿ ಮುಗಿಯಲು ಜಾಹೀರಾತು ಬಿಡುವುದಿಲ್ಲ. ಒಮ್ಮೆ ಚೆಂಡು ಬ್ಯಾಟಿನ ಅಂಚು ಸವರಿ ಸ್ಲಿಪ್ ಫೀಲ್ಡರ್‌ನ ಮುಂದೆ ಬಿತ್ತು. ಬೌಲರ್ ತಲೆಯ ಮೇಲೆ ಕೈ ಹೊತ್ತದ್ದು ಕಂಡಿತು, ಮರುಕ್ಷಣವೇ ಕಾರು. ಆಟ ಮರಳಿದಾಗ ಇನ್ನೊಂದು ತುದಿಯ ಬೌಲರ್ ಆಗಲೇ ಓಡಿ ಬರುತ್ತಿದ್ದ. ರೀಪ್ಲೇ ತೋರಿಸಲೇ ಇಲ್ಲ.

ಅದಕ್ಕಿಂತ ಬೇಸರ ತಂದದ್ದು ಓವರಿನ ನಡುವೆ ನುಗ್ಗುವ ಜಾಹೀರಾತು. ಆಟದ ಚಿತ್ರ ಮೂಲೆಗೆ ಕುಗ್ಗಿ, ಎಡಕ್ಕೂ ಕೆಳಕ್ಕೂ ಎಲ್ ಆಕಾರದಲ್ಲಿ ಜಾಹೀರಾತು ಹರಡಿಕೊಳ್ಳುತ್ತದೆ. ವೇಗದ ಬೌಲರ್ ಆದರೆ ಅವನು ನಡೆದು ಹೋಗಿ ಓಡಿ ಬರುವಷ್ಟರಲ್ಲಿ ಪರದೆ ಮತ್ತೆ ತುಂಬುತ್ತದೆ. ಸ್ಪಿನ್ನರ್‌ನದು ನಾಲ್ಕು ಹೆಜ್ಜೆ. ಚಿತ್ರ ಹಿಗ್ಗುವ ಹೊತ್ತಿಗೆ ಚೆಂಡು ಕೈಬಿಟ್ಟಿರುತ್ತದೆ. ಬಲಗೈ ಬ್ಯಾಟರ್‌ನ ಕಡೆಗೆ ತಿರುಗುವ ಗೂಗ್ಲಿಯೋ, ಅವನಿಂದ ಆಚೆಗೆ ತಿರುಗುವ ಲೆಗ್ ಬ್ರೇಕೋ ಎಂಬುದು ಮಣಿಕಟ್ಟಿನಲ್ಲೇ ಗೊತ್ತಾಗಬೇಕು, ಮಗಳು ಟಿವಿ ಮುಂದೆ ಕೂರುವುದೇ ಅದಕ್ಕೆ.

ಓವರ್ ಮುಗಿದ ಮೇಲೆ ಜಾಹೀರಾತು ಬರುವುದಕ್ಕೆ ನನ್ನ ತಕರಾರಿಲ್ಲ. ಪ್ರಸಾರದ ಖರ್ಚಿಗೆ ಹಣ ಹುಟ್ಟುವುದೇ ಅಲ್ಲಿ. ಆಸ್ಟ್ರೇಲಿಯಾದಲ್ಲಿ 1978-79ರವರೆಗೆ ಓವರಿಗೆ ಎಂಟು ಎಸೆತಗಳಿದ್ದವು. ಮಾಧ್ಯಮ ಉದ್ಯಮಿ ಕೆರಿ ಪ್ಯಾಕರ್ ಅವರ ಟಿವಿ ವಾಹಿನಿ ಚಾನೆಲ್ ನೈನ್ ಪ್ರಸಾರದ ಹಕ್ಕು ಪಡೆದ 1979-80ರ ಋತುವಿನಲ್ಲೇ ಅದು ಆರಕ್ಕಿಳಿಯಿತು. ಓವರ್ ಚಿಕ್ಕದಾದಷ್ಟೂ ಬಿಡುವು ಹೆಚ್ಚು. 2009ರ ಐಪಿಎಲ್‌ನಲ್ಲಂತೂ ಪ್ರತಿ ಇನಿಂಗ್ಸ್‌ನ ಮಧ್ಯದಲ್ಲೇ ಏಳೂವರೆ ನಿಮಿಷದ ಟೈಮ್‌ಔಟ್ ಇತ್ತು. ಬಿಡುವನ್ನೆಲ್ಲ ತೆಗೆದುಕೊಳ್ಳಲಿ, ಎಸೆತವನ್ನು ಮಾತ್ರ ಮುಟ್ಟದಿರಲಿ.

ಆ್ಯಪ್ ಮೇಲೆ ಆಸೆ ಇಟ್ಟುಕೊಂಡಿದ್ದೆ. ಜಾಹೀರಾತು ಇಲ್ಲದ ಚಂದಾ ಎಂದು ಹಣ ಕಟ್ಟಿದ್ದೆ. ನೇರಪ್ರಸಾರಕ್ಕೆ ಅದು ಅನ್ವಯಿಸದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಎಲ್ ಆಕಾರದ ಕಾಟ ಇಲ್ಲಿ ಕಡಿಮೆ, ನಿಜ. ಆದರೆ ಓವರ್ ಓವರಿಗೂ ಅದೇ ಒಂದು ಜಾಹೀರಾತು. ಎರಡು ಸಲ ಅದು ಮುಗಿಯುವಷ್ಟರಲ್ಲಿ ಮುಂದಿನ ಓವರಿನ ಮೊದಲ ಎಸೆತವೇ ಹೋಗಿತ್ತು. ಹಿಂದಕ್ಕೆ ಎಳೆದು ನೋಡುವ ಸೌಲಭ್ಯ ಮಾತ್ರ ದೊಡ್ಡ ಲಾಭ: ಒಂದು ಗೂಗ್ಲಿಯನ್ನು ಮಗಳು ಏಳು ಸಲ ನೋಡಿದಳು. ಫೀಲ್ಡರ್ ಜಾಗ ಬದಲಿಸಿದ್ದು ಎಷ್ಟು ಹಿಂದಕ್ಕೆಳೆದರೂ ಸಿಗಲಿಲ್ಲ.

ಅದು ಸಿಕ್ಕಿದ್ದು ರೇಡಿಯೊದಲ್ಲಿ. ಅಲ್ಲೂ ಜಾಹೀರಾತು ಇದೆ. ಆದರೆ ಕೇಳುವವರಿಗೆ ಏನೂ ಕಾಣದಿರುವುದರಿಂದ, ಮೈಕ್ ಮುಂದಿರುವವರು ಮರಳಿದ ಕೂಡಲೇ ಶಾರ್ಟ್ ಲೆಗ್‌ಗೆ ಯಾರು ಬಂದರು, ಯಾವ ಜಾಗ ಖಾಲಿಯಾಯಿತು ಎಂದು ಹೇಳಲೇಬೇಕು. ಟಿವಿಯ ಕಾಮೆಂಟರಿ ಎಷ್ಟೋ ಸಲ ಪ್ರಾಯೋಜಕರ ಹೆಸರು ಹೇಳುವುದರಲ್ಲೇ ಕಳೆದುಹೋಗುತ್ತದೆ. 2008ರ ಮೊದಲ ಐಪಿಎಲ್‌ನಲ್ಲಿ ಸಿಕ್ಸರ್‌ಗೆ ಸಿಕ್ಸರ್ ಎನ್ನದೆ ಪ್ರಾಯೋಜಕ ಕಂಪನಿಯ ಹೆಸರು ಸೇರಿಸಿ 'ಡಿಎಲ್‌ಎಫ್ ಮ್ಯಾಕ್ಸಿಮಮ್' ಎನ್ನುತ್ತಿದ್ದರು. ಹೊಡೆದ ಆಟಗಾರನಿಗೆ ಸಲ್ಲಬೇಕಾದ ಉದ್ಗಾರ ಅದು. ಇಂದಿಗೂ ನನಗೆ ಅದನ್ನು ಒಪ್ಪಲಾಗಿಲ್ಲ.

ನಾಲ್ಕನೇ ದಿನ ಟಿವಿಯ ಧ್ವನಿ ಮುಚ್ಚಿ ರೇಡಿಯೊ ಹಚ್ಚಿದೆವು. ರೇಡಿಯೊ ಕೆಲವು ಸೆಕೆಂಡು ಮುಂದೆ ಓಡುತ್ತದೆ. ಪರದೆಯಲ್ಲಿ ಬೌಲರ್ ಇನ್ನೂ ಚೆಂಡು ಉಜ್ಜುತ್ತಿರುವಾಗಲೇ ಕಿವಿಗೆ "ಔಟ್" ಎಂದು ಬಿತ್ತು. ನನಗೆ ಪಿಚ್ಚೆನಿಸಿತು. ಮಗಳಿಗೆ ಹಾಗಾಗಲಿಲ್ಲ. ವಿಕೆಟ್ ಬೀಳುವುದು ಮೊದಲೇ ಗೊತ್ತಾದ್ದರಿಂದ ಬ್ಯಾಟರ್ ಕಡೆ ನೋಡದೆ ಬೌಲರ್‌ನ ಕೈಯ ಮೇಲೇ ಕಣ್ಣಿಟ್ಟಳು. ಆ ಎಸೆತಕ್ಕೆ ಪರದೆ ಪೂರ್ತಿ ಇತ್ತು, ಮಣಿಕಟ್ಟು ತಿರುಗಿದ್ದು ಅವಳಿಗೆ ಕಂಡಿತು.