ಸುಣ್ಣ ಒಣಗುವ ಮೊದಲು: ಅತ್ತೆ, ಮಗ ಮತ್ತು ಕಾವಿ ಕಲೆಯ ಒಂದು ಭಾನುವಾರ

ಮಂಗಳೂರಿನ ಕೊಡಿಯಾಲ್‌ಬೈಲಿನ ಸಣ್ಣ ಗ್ಯಾಲರಿಯೊಂದರಲ್ಲಿ ಕಳೆದ ಭಾನುವಾರ ಕಾವಿ ಕಲೆಯ ಶಿಬಿರ ಇತ್ತು. ನಾವು ಮೂವರು ಹೋದೆವು: ನಾನು, 9 ವರ್ಷದ ಮಗ, 74ರ ಅತ್ತೆ. ದೊಡ್ಡವರಿಗೆ 600 ರೂಪಾಯಿ, ಮಕ್ಕಳಿಗೆ 400. ಸಾಮಾನೆಲ್ಲ ಅವರದೇ.

ಅತ್ತೆಯನ್ನು ಹೊರಡಿಸುವುದೇ ಕಷ್ಟವಾಯಿತು. "ಚಿತ್ರ ಬರೆಯುವುದು ಮಕ್ಕಳ ಕೆಲಸ. ನಾನು ಬಂದು ಎಂತ ಮಾಡ್ಲಿಕ್ಕುಂಟು?" ಅಂತ ಕೂತಿದ್ದರು. ಬ್ರಹ್ಮಾವರದ ಕಡೆಯ ತವರಿನಲ್ಲಿ ದೀಪಾವಳಿ ಬಂತೆಂದರೆ ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿದು ಶೇಡಿ, ಅಂದರೆ ಬಿಳಿ ಮಣ್ಣಿನ ಚಿತ್ತಾರ, ಬರೆಯುತ್ತಿದ್ದ ಕೈ ಅದು. ಫ್ಲಾಟಿಗೆ ಬಂದ ಮೇಲೆ ಆ ಕೈಗೆ ಗೋಡೆಯೇ ಸಿಕ್ಕಿರಲಿಲ್ಲ.

ಕಾವಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋವಾದಿಂದ ಉತ್ತರ ಕನ್ನಡ, ಕುಂದಾಪುರದವರೆಗಿನ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಬಿಳಿಯ ಮೇಲೆ ಕೆಂಪು ಹೂಬಳ್ಳಿ, ದೇವರ ಚಿತ್ರ ಕಂಡಿರುತ್ತೀರಿ. ಅದು ಕುಂಚದಲ್ಲಿ ಬರೆದದ್ದಲ್ಲ. ಮೊದಲು ಸುಣ್ಣ, ಮರಳಿನ ಬಿಳಿ ಗಾರೆ. ಅದರ ಹಸಿ ಆರುವ ಮೊದಲೇ ಮೇಲೊಂದು ತೆಳು ಕೆಂಪು ಗಾರೆ. ಆಮೇಲೆ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದರೆ ಅಡಿಯ ಬಿಳಿ ಎದ್ದು ಬರುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಎಷ್ಟೋ ಗೋಡೆಗಳು ಪೈಂಟಿನಡಿ ಮುಚ್ಚಿಹೋಗಿವೆ, ಕೆಲವು ಗೋಡೆ ಸಮೇತ ಉರುಳಿವೆ. ನನಗೆ ಇದು ನಿಜವಾಗಿ ಹೊಟ್ಟೆ ಉರಿಯುವ ವಿಷಯ.

ಹೇಳಿಕೊಟ್ಟ ಕಲಾವಿದರು ಭಾಷಣ ಮಾಡಲಿಲ್ಲ. ಮರುವಾಯಿ ಚಿಪ್ಪು ಸುಟ್ಟ ಸುಣ್ಣವನ್ನು ಒಂದು ಬಾಲ್ದಿಯಲ್ಲಿ, ಜರಡಿ ಹಿಡಿದ ಕೆಂಪು ಪುಡಿಯನ್ನು ಇನ್ನೊಂದರಲ್ಲಿ ಇಟ್ಟು, "ಮುಟ್ಟಿ ನೋಡಿ, ಆದರೆ ಗ್ಲೌಸ್ ಹಾಕ್ಕೊಂಡು" ಅಂದರು. ಒಂದು ಅಡಿ ಚದರದ ಹಲಗೆಗಳಿಗೆ ಬಿಳಿ ಗಾರೆ ಬೆಳಿಗ್ಗೆಯೇ ಹಚ್ಚಿ ಇಟ್ಟಿದ್ದರು. ಕೆಂಪನ್ನು ನಾವೇ ಕಲಸಿ, ಕರಣೆಯಲ್ಲಿ ಎಳೆದು, ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿದೆವು. ಅಲ್ಲಿಂದ ಓಟ ಶುರು. ಸುಣ್ಣ ಗಾಳಿ ಹೀರಿಕೊಂಡು ಕಲ್ಲಾಗುತ್ತಾ ಹೋಗುತ್ತದೆ. ಗಟ್ಟಿಯಾದ ಮೇಲೆ ಕೆರೆಯಲು ಹೋದರೆ ಅಂಚು ಚಕ್ಕೆ ಏಳುತ್ತದೆ. ಇದೇ ಊರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ 1899ರಲ್ಲಿ ಕೆಲಸ ಹಿಡಿದ ಇಟಲಿಯ ಚಿತ್ರಕಾರ ಮೊಸ್ಕೇನಿಯೂ ಗೋಡೆಯ ಚಿತ್ರಗಳಿಗೆ ಹೀಗೇ ಹಸಿ ಗಾರೆಯ ಜೊತೆ ಓಡಿದವರು ಅಂದರು. ಶಾಲೆಯ ಪ್ರವಾಸದಲ್ಲಿ ಆ ಚಾಪೆಲ್ ನೋಡಿ ಬಂದಿದ್ದ ಮಗನ ಕಣ್ಣು ಅರಳಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೂರಿಸಿದ ರೀತಿ. ಹಿಂದೆ ಬೇರೊಂದು ಕಡೆ "ಎಲ್ಲ ವಯಸ್ಸಿನವರಿಗೆ" ಅಂತ ಕರೆದು, ಮಕ್ಕಳಿಗೆ ಹೊರಗೆ ಕ್ರೇಯಾನು ಕೊಟ್ಟು ಕೂರಿಸಿ, ಹಿರಿಯರನ್ನು ಕುರ್ಚಿಯಲ್ಲಿ ನೋಡುತ್ತಾ ಇರಲು ಬಿಟ್ಟಿದ್ದರು. ಇಲ್ಲಿ ಮೂರು ತಲೆಮಾರಿಗೂ ಒಂದೇ ಮೇಜು, ಒಂದೇ ಕೆಲಸ, ಅದೇ ಮೊನೆ. ಕೆಲಸ ಸುಲಭ ಮಾಡಿ ಯಾರಿಗೂ ಕೊಡಲಿಲ್ಲ.

ಅತ್ತೆ ಮೊದಲ ಹತ್ತು ನಿಮಿಷ ಮೊನೆ ಮುಟ್ಟಲೇ ಇಲ್ಲ. ಶೇಡಿಯಲ್ಲಿ ಕೆಂಪಿನ ಮೇಲೆ ಬಿಳಿ ಇಡುವುದು. ಇಲ್ಲಿ ಕೆಂಪು ತೆಗೆದರೆ ಬಿಳಿ. "ಇದು ತಿರುಗಾಮುರುಗಾ ಆಯ್ತಲ್ಲ" ಅಂದರು. ಮಗ ಮಾತ್ರ ಕೈವಾರದಲ್ಲಿ ವೃತ್ತ ಎಳೆದು ಕೆರೆದದ್ದೇ ಕೆರೆದದ್ದು, ಒಂದು ಕಡೆ ಹಲಗೆಯೇ ಕಂಡಿತು. ಆಗ ಅತ್ತೆ ಅವನ ಮಣಿಕಟ್ಟು ಹಿಡಿದರು. "ಮೆಲ್ಲ ಮಗಾ. ಬಿಳಿ ಕಂಡ ಕೂಡಲೇ ನಿಲ್ಲಿಸು. ಬಿಳಿಯನ್ನು ಕೆರೀಲಿಕ್ಕಿಲ್ಲ." ಕಲಾವಿದರು ಕೇಳಿಸಿಕೊಂಡು, "ಅಮ್ಮಾ, ಇದನ್ನು ಆಚೆ ಮೇಜಿನವರಿಗೂ ಹೇಳಿ" ಅಂದರು. ಅತ್ತೆ ಎದ್ದು ಹೋದರು! ತಿರುಗಿ ಬಂದು, ತವರಿನ ಕಟ್ಟೆಯ ಮೇಲೆ ಬರೆಯುತ್ತಿದ್ದ ಬಳ್ಳಿಯನ್ನೇ ಒಂದು ಗೆರೆಯೂ ತಡವರಿಸದೆ ಕೆರೆದರು. ನಾನು ಅವರ ಮನೆಗೆ ಸೊಸೆಯಾಗಿ ಬಂದು 14 ವರ್ಷ. ಆ ಬಳ್ಳಿಯನ್ನು ನೋಡಿದ್ದು ಅವತ್ತೇ.

ಕೊರತೆಯನ್ನೂ ಹೇಳಬೇಕು. ಮಕ್ಕಳ ಅಳತೆಯ ಗ್ಲೌಸ್ ಇರಲಿಲ್ಲ. ಮಗನ ಬೆರಳ ಸಂದಿಗೆ ಸುಣ್ಣ ನುಗ್ಗಿ ಉರಿ ಹತ್ತಿತು. ನಲ್ಲಿ ನೀರಲ್ಲಿ ತುಂಬ ಹೊತ್ತು ತೊಳೆದು, ತೆಂಗಿನೆಣ್ಣೆ ಹಚ್ಚಿದ ಮೇಲೆ ಕಡಿಮೆಯಾಯಿತು. ಸುಣ್ಣದ ಕೆಲಸಕ್ಕೆ ಮಕ್ಕಳನ್ನು ಕರೆಯುವವರು ಇದನ್ನು ಮರೆಯಲೇಬಾರದು. ನಾನು ಹೇಳಿದಾಗ ವಾದಿಸದೆ ಬರೆದುಕೊಂಡರು. ಮೆಟ್ಟಿಲಿಗೆ ಒಂದೇ ಕಡೆ ಹಿಡಿ ಇದೆ, ಮೊಣಕಾಲು ನೋವಿನವರ ಜೊತೆ ಯಾರಾದರೂ ಇರಲಿ.

ಶಿಬಿರದ ಮೂರೂವರೆ ಗಂಟೆ ಸಾಕಾಗುವುದಿಲ್ಲ, ತಡ ಮಾಡದೆ ಹೋಗಿ. ಹಳೆ ಬಟ್ಟೆ ಹಾಕಿಕೊಳ್ಳಿ, ಕೆಂಪು ಕಲೆ ಹೋಗುವುದಿಲ್ಲ. ಮಳೆಗಾಲದ ತೇವಕ್ಕೆ ಗಾರೆ ಬಿಗಿಯುವುದಿಲ್ಲವಾದ್ದರಿಂದ ಮೇ ಕಳೆದರೆ ಈ ಶಿಬಿರ ಇರುವುದಿಲ್ಲ. ಹಲಗೆಯನ್ನು ಮನೆಗೆ ತಂದು ಕೆಲವು ದಿನ ನೆರಳಲ್ಲಿಟ್ಟು ನೀರು ಚಿಮುಕಿಸಬೇಕು. ನಮ್ಮ ಬಾಲ್ಕನಿಯಲ್ಲಿ ಮೂರು ಹಲಗೆಗಳಿವೆ. ಬೆಳಿಗ್ಗೆ ಕಾಫಿಗೂ ಮೊದಲು ಅತ್ತೆ ನೀರಿನ ಚೊಂಬು ಹಿಡಿದು ಅಲ್ಲಿರುತ್ತಾರೆ.