ಮಗಳಿಗೆ ಗ್ರೋತ್ ಹಾರ್ಮೋನ್ ಇಂಜೆಕ್ಷನ್: ಮೂರು ವರ್ಷ ಬಳಸಿದ ಮೇಲೆ, ಸೈಡ್ ಎಫೆಕ್ಟ್ ಸಮೇತ

ನಮ್ಮದು ಬಳ್ಳಾರಿ. ಮಗಳಿಗೆ ಗ್ರೋತ್ ಹಾರ್ಮೋನ್ ಕೊರತೆ ಅಂತ ಟೆಸ್ಟ್‌ನಲ್ಲಿ ಗೊತ್ತಾದ ಮೇಲೆ ಬೆಂಗಳೂರಿನ ಡಾಕ್ಟರು ಪೆನ್ ಇಂಜೆಕ್ಷನ್ ಬರೆದುಕೊಟ್ಟರು. ದಿನಾ ರಾತ್ರಿ ಮಲಗುವ ಮುಂಚೆ ಕೊಡಬೇಕು. ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದ ಹುಡುಗಿ ಮೊದಲ ವರ್ಷವೇ 9 ಸೆಂಟಿಮೀಟರ್ ಬೆಳೆದಳು. ಔಷಧಿ ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ.

ನಮ್ಮನ್ನು ಜಾಸ್ತಿ ಕಾಡಿದ್ದು ತಲೆನೋವು. ಶುರು ಮಾಡಿ ತಿಂಗಳಾಗುವಷ್ಟರಲ್ಲಿ ಬೆಳಿಗ್ಗೆ ಎದ್ದವಳೇ ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡು ಹಾಸಿಗೆ ಮೇಲೆ ಕೂತುಬಿಡುತ್ತಿದ್ದಳು, ಒಂದು ದಿನ ವಾಂತಿನೂ ಆಯ್ತು. ಅತ್ತೆಯವರು "ಬಿಸ್ಲು ಬಡದೈತಿ, ಮಜ್ಜಿಗಿ ಕುಡಿಸವ್ವ" ಅಂದರು. ನಮ್ಮೂರ ಬಿಸಿಲಿಗೆ ಯಾರಿಗಾದರೂ ಹಾಗೇ ಅನಿಸುತ್ತೆ, ಅಲ್ವಾ. ಆದರೆ ಡಾಕ್ಟರು ಮೊದಲೇ ಹೇಳಿದ್ದರು: ಅಪರೂಪಕ್ಕೆ ಈ ಔಷಧಿಯಿಂದ ತಲೆಬುರುಡೆಯೊಳಗೆ ಒತ್ತಡ ಏರುತ್ತೆ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ, ತಲೆನೋವಿನ ಜೊತೆ ವಾಂತಿಯಾದರೆ ಅಥವಾ ಕಣ್ಣು ಮಂಜಾದರೆ ಕಾಯಬೇಡಿ. ಅವತ್ತೇ ಫೋನ್ ಮಾಡಿದೆವು. ಇಂಜೆಕ್ಷನ್ ನಿಲ್ಲಿಸಿ, ಕಣ್ಣು ತೋರಿಸಿ ಅಂದರು. ಇಲ್ಲಿಯ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿದಾಗ ನರ ಸ್ವಲ್ಪ ಊದಿತ್ತು. ನಿಲ್ಲಿಸಿದ ಮೇಲೆ ಇಳಿಯಿತು. ಆಮೇಲೆ ಕಡಿಮೆ ಡೋಸ್‌ನಿಂದ ಮತ್ತೆ ಶುರು ಮಾಡಿ ನಿಧಾನಕ್ಕೆ ಏರಿಸಿದರು, ಮತ್ತೆ ಬರಲಿಲ್ಲ.

ಇನ್ನೊಂದು, ಕಾಲು ನೋವು. ರಾತ್ರಿ ಎರಡೂ ಮೀನಖಂಡ ನೋಯುತ್ತೆ ಅಂತಿದ್ದಳು, ತಿಕ್ಕಿದರೆ ಹೋಗುತ್ತಿತ್ತು. ಆದರೆ ಮಗು ಕುಂಟಿದರೆ, ಒಂದೇ ಕಡೆ ಸೊಂಟದ ಕೀಲು ಅಥವಾ ಮೊಣಕಾಲು ನೋವು ಅಂದರೆ ಸುಮ್ನೆ ಎಣ್ಣೆ ಹಚ್ಚಿ ಮಲಗಿಸಬೇಡಿ. ಬೇಗ ಬೆಳೆಯುವಾಗ ತೊಡೆಮೂಳೆಯ ಮೇಲಿನ ತುದಿ ಜಾರುವುದುಂಟು, ಅದಕ್ಕೆ ಆಪರೇಷನ್ನೇ ಬೇಕಾಗುತ್ತೆ. ತೊಂದರೆ ಸೊಂಟದ ಹತ್ತಿರ ಇದ್ದರೂ ನೋವು ಮೊಣಕಾಲಲ್ಲಿ ಕಾಣಿಸಿಕೊಳ್ಳಬಹುದು, ಹಾಗಾಗಿ ಸೊಂಟದ ಎಕ್ಸ್‌ರೇ ಕೇಳಿ ತೆಗೆಸಿ.

ಚೆಕಪ್‌ಗೆ ಹೋದಾಗ ಥೈರಾಯ್ಡ್, ಶುಗರ್, ಐಜಿಎಫ್-1 (ಗ್ರೋತ್ ಹಾರ್ಮೋನ್ ಮೈಯಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಟೆಸ್ಟ್) ನೋಡುತ್ತಾರೆ. ಬಗ್ಗಿಸಿ ನಿಲ್ಲಿಸಿ ಬೆನ್ನುಮೂಳೆ ಸೊಟ್ಟಗಿದೆಯಾ ಅಂತಾನೂ ನೋಡುತ್ತಾರೆ, ಯಾಕಂದರೆ ಮೊದಲೇ ಸ್ವಲ್ಪ ಸೊಟ್ಟ ಇದ್ದರೆ ಬೆಳೆಯುವ ವೇಗಕ್ಕೆ ಅದೂ ಜಾಸ್ತಿಯಾಗಬಹುದು. ನಮ್ಮವಳಿಗೆ ಎರಡನೇ ವರ್ಷ ಥೈರಾಯ್ಡ್ ಕಡಿಮೆ ಬಂತು, ಈಗ ಬೆಳಿಗ್ಗೆ ಒಂದು ಮಾತ್ರೆ. ಚುಚ್ಚುವ ಜಾಗ ದಿನಾ ಬದಲಿಸಿ. ಒಂದೇ ಕಡೆ ಕೊಟ್ಟರೆ ಅಲ್ಲಿಯ ಕೊಬ್ಬು ಕರಗಿ ಚರ್ಮದಲ್ಲಿ ಗುಳಿ ಬೀಳುತ್ತೆ.

ಫ್ರಿಜ್ ಬಗ್ಗೆ ಹೇಳಲೇಬೇಕು. ಪೆನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಆಗಬಾರದು, ಹೆಪ್ಪುಗಟ್ಟಿದರೆ ಬಿಸಾಕಬೇಕು. ಕೆಲವು ಪೆನ್‌ಗಳನ್ನು ಶುರು ಮಾಡಿದ ಮೇಲೆ 25 ಡಿಗ್ರಿ ಒಳಗೆ ಸ್ವಲ್ಪ ದಿನ ಹೊರಗಿಡಬಹುದು ಅಂತ ಬರೆದಿರುತ್ತೆ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನ ಮನೆಗಳಿಗೆ ಅದು ಆಗದ ಮಾತು. ಕರೆಂಟ್ ಹೋದರೆ ನಾವು ಫ್ರಿಜ್ ಬಾಗಿಲೇ ತೆಗೆಯುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ಕೂಲಿಂಗ್ ಪೌಚ್, ಐಸ್ ಪ್ಯಾಕ್‌ಗೂ ಪೆನ್‌ಗೂ ನಡುವೆ ಒಂದು ಟವೆಲ್.

ನೆಂಟರೊಬ್ಬರು "ಇದರಿಂದ ಮಿದುಳಿನ ಕಾಯಿಲೆ ಬರುತ್ತಂತೆ" ಅಂತ ಹೆದರಿಸಿದ್ದರು. ಹಿಂದೆ ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನ್ ತೆಗೆಯುತ್ತಿದ್ದರು, ಅದರಿಂದ ಕೆಲವರಿಗೆ ಸಿಜೆಡಿ ಅನ್ನುವ ಮಾರಕ ಮಿದುಳಿನ ಕಾಯಿಲೆ ಬಂದದ್ದು ನಿಜ. 1985ರಲ್ಲಿ ಲ್ಯಾಬ್‌ನಲ್ಲೇ ತಯಾರಿಸಿದ ಹಾರ್ಮೋನ್ ಬಂತು. ಈಗ ಮಕ್ಕಳಿಗೆ ಕೊಡುವುದು ಅದನ್ನೇ, ಆ ಭಯ ಬೇಡ.

ಖರ್ಚು ಮಾತ್ರ ಭಾರ. ಡೋಸ್ ತೂಕದ ಲೆಕ್ಕ, ಮಗು ಬೆಳೆದಂತೆ ಬಿಲ್ಲೂ ಬೆಳೆಯುತ್ತೆ. ವಾರಕ್ಕೊಂದೇ ಸಲ ಕೊಡುವ ಇಂಜೆಕ್ಷನ್‌ಗಳೂ ಬಂದಿವೆ, ನಾವಿನ್ನೂ ಬದಲಿಸಿಲ್ಲ. ಮಕ್ಕಳಿಗೆ ಅದನ್ನು ಕೊಡುತ್ತಿರುವವರು ಇದ್ದರೆ, ಶುರುವಿನಲ್ಲಿ ತಲೆನೋವು ಬಂತಾ ಇಲ್ಲವಾ ದಯವಿಟ್ಟು ಬರೆಯಿರಿ.