ಮಡಚುವ ರ‍್ಯಾಂಪ್: ಮೂರು ತಿಂಗಳು ಬಳಸಿದ ಮೇಲೆ

ನಾವು ವಾರಕ್ಕೊಮ್ಮೆ ಸೇರುವ ಹಾಲ್‌ಗೆ ಎರಡು ಮೆಟ್ಟಿಲು. ಎರಡೇ ಅಲ್ವಾ ಅಂದುಕೊಂಡಿದ್ದೆವು, ಆದರೆ ವೀಲ್‌ಚೇರ್ ಬಳಸುವ ಗೆಳತಿಯನ್ನು ಪ್ರತಿ ಸಲ ನಾಲ್ಕು ಜನ ಎತ್ತಿ ಒಳಗೆ ತರಬೇಕಿತ್ತು, ಅವಳಿಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ. ಅದಕ್ಕೇ ಎಲ್ಲರೂ ದುಡ್ಡು ಹಾಕಿ ಈ ಅಲ್ಯೂಮಿನಿಯಂ ರ‍್ಯಾಂಪ್ ತಂದೆವು.

ಗಟ್ಟಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಮೇಲ್ಭಾಗ ಉಪ್ಪುಕಾಗದದ ಹಾಗೆ ಒರಟು, ಮಳೆಯಲ್ಲೂ ಚಕ್ರ ಜಾರಲಿಲ್ಲ.

ಆದರೆ ಉದ್ದ ನೋಡದೆ ಕೊಳ್ಳಬೇಡಿ. ಇಳಿಜಾರು 1:12 ಇರಬೇಕು ಅನ್ನುವುದು ಸುಮ್ನೆ ಹೇಳುವ ಲೆಕ್ಕ ಅಲ್ಲ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ನಮ್ಮ ಮೆಟ್ಟಿಲು ಎರಡೂ ಸೇರಿ 10 ಇಂಚು, ಮೊದಲು ತಂದದ್ದು 6 ಅಡಿಯದು. ಅರ್ಧಕ್ಕೆ ಹೋಗುವಷ್ಟರಲ್ಲಿ ಅವಳ ಕೈ ನಡುಗುತ್ತಿತ್ತು, ಮುಂದಿನ ಪುಟ್ಟ ಚಕ್ರಗಳು ಮೇಲೇಳುತ್ತಿದ್ದವು. ಅಂಗಡಿಯವರು ಬೇಸರಪಡದೆ 10 ಅಡಿಯದನ್ನು ಬದಲಾಯಿಸಿ ಕೊಟ್ಟರು.

ಭಾರ ಜಾಸ್ತಿ, ಬಿಡಿಸಿ ಹಾಕಲು ಇಬ್ಬರು ಬೇಕು. ಅಂಚಿಗೆ ಬಣ್ಣದ ಪಟ್ಟಿಯೂ ಇಲ್ಲ, ಕಣ್ಣು ಮಂಜಾದವರಿಗೆ ರ‍್ಯಾಂಪ್ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ. ನಾವೇ ಹಳದಿ ಟೇಪ್ ಅಂಟಿಸಿದೆವು, ತಯಾರಿಸುವವರೇ ಇದನ್ನು ಕೊಡಬೇಕಿತ್ತು.

ಹೋದ ವಾರ ನಾನು ಹೋಗುವಷ್ಟರಲ್ಲಿ ಅವಳು ಯಾರನ್ನೂ ಕೂಗದೆ ಒಳಗೆ ಬಂದು, ಕಿಟಕಿ ಪಕ್ಕದ ಜಾಗ ಹಿಡಿದು ಕೂತಿದ್ದಳು.